ಹೂವಿನ ವ್ಯಾಪಾರ ಅಮ್ಮನದು, ಶಾಲೆ ಮಗಳದು

ಬೆಂಗಳೂರಿನ ಸಿಗ್ನಲ್‌ಗಳಲ್ಲಿ, ದೇವಸ್ಥಾನದ ಬೀದಿಗಳಲ್ಲಿ ಶಾಲೆಯ ಸಮವಸ್ತ್ರದಲ್ಲೇ ಬುಟ್ಟಿ ಹಿಡಿದು ಮಲ್ಲಿಗೆ ಮಾರುವ ಹುಡುಗಿಯರು ಕಾಣಸಿಗುತ್ತಾರೆ. ‘ಅಮ್ಮನಿಗೆ ನೆರವಾಗ್ತಿದ್ದಾಳೆ, ಅದರಲ್ಲೇನು ತಪ್ಪು?’ ಎನ್ನುವವರೇ ಹೆಚ್ಚು. ಕಾನೂನು ಇದನ್ನು ಒಪ್ಪುವುದಿಲ್ಲ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. 14 ವರ್ಷ ತುಂಬದ ಮಕ್ಕಳಿಂದ ಯಾವ ದುಡಿಮೆಯನ್ನೂ ಮಾಡಿಸುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗಬಹುದು ಎಂಬ ವಿನಾಯಿತಿ ಇದೆ, ನಿಜ. ಆದರೆ 2017ರ ನಿಯಮಗಳು ಅದನ್ನು ಬಹಳ ಬಿಗಿಗೊಳಿಸಿವೆ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ದಿನಕ್ಕೆ ಮೂರು ಗಂಟೆ ಮೀರಬಾರದು. ದೊಡ್ಡವರು ಮಾಡಬೇಕಾದ ಕೆಲಸಕ್ಕೆ ಮಗುವನ್ನು ನಿಲ್ಲಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕುಟುಂಬಕ್ಕೆ ಹಣ ತರುವ ತಯಾರಿಕೆ, ಪೂರೈಕೆ, ಚಿಲ್ಲರೆ ಮಾರಾಟದ ಯಾವ ಹಂತದಲ್ಲೂ ಮಗು ಇರಬಾರದು. ಮೊಳ ಹಾಕಿ ಹೂ ಮಾರುವುದಷ್ಟೇ ಅಲ್ಲ, ಮಾರಾಟಕ್ಕೆಂದು ಮನೆಯಲ್ಲಿ ಕೂರಿಸಿ ಮಾಲೆ ಕಟ್ಟಿಸುವುದೂ ಇದರೊಳಗೆ ಬರುತ್ತದೆ. ಇದು ಅನೇಕ ತಾಯಂದಿರಿಗೆ ಗೊತ್ತಿಲ್ಲ.

ಗೊತ್ತಾದಾಗ ಮೊದಲು ಹುಟ್ಟುವುದು ಭಯ. ಹೆದರಬೇಡಿ. ಮೊದಲ ಬಾರಿಯ ತಪ್ಪಿಗೆ ತಂದೆತಾಯಿಗೆ ಶಿಕ್ಷೆಯಿಲ್ಲ. ಮರುಕಳಿಸಿದರೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಹೊರಗಿನವರು ಮಗುವನ್ನು ದುಡಿಸಿಕೊಂಡರೆ ಮಾತ್ರ ಆರು ತಿಂಗಳಿಂದ ಎರಡು ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಿಕ್ಕ ಮಗು ಅಪರಾಧಿಯಲ್ಲ. ಅವಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ವಿಚಾರಣೆ ನಡೆಸಿ ಸಮಿತಿ ಅವಳನ್ನು ಮನೆಗೇ ಕಳುಹಿಸಬಹುದು.

ಆದರೆ ಮಗಳು ಬೀದಿಗಿಳಿಯುವುದು ಅಮ್ಮನ ಗಳಿಕೆ ಅಲ್ಲಾಡುತ್ತಿರುವುದರಿಂದ. ಅಲ್ಲಿಗೆ ಬೇಕಾದ ಕಾನೂನು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಸ್ಥಳೀಯ ಸಂಸ್ಥೆಯ ಸಮೀಕ್ಷೆಯಲ್ಲಿ ಅಮ್ಮನ ಹೆಸರು ಬರಬೇಕು, ವ್ಯಾಪಾರದ ಪ್ರಮಾಣಪತ್ರ ಅವಳ ಕೈಯಲ್ಲಿರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನಗಳ ನೋಟಿಸು ಕಡ್ಡಾಯ. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದು ಅದರ ಪ್ರತಿ ಕೊಡಬೇಕು. ಹೂವು, ಹಣ್ಣು, ಸೊಪ್ಪಿನಂಥ ಬೇಗ ಕೆಡುವ ಸರಕನ್ನು ಕೇಳಿದ ದಿನವೇ ಬಿಡಬೇಕು, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ. ಪಟ್ಟಿ ಕೇಳದೆ ಸುಮ್ಮನೆ ಬುಟ್ಟಿ ಬಿಟ್ಟು ಬರಬೇಡಿ.

ಆದರೂ ಮನೆ ನಡೆಯದಿದ್ದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಿದೆ. ವಿಧವೆಯ, ವಿಚ್ಛೇದಿತೆಯ ಅಥವಾ ಗಂಡ ಬಿಟ್ಟುಹೋದವಳ ಮಗುವಿಗೆ, ಕುಟುಂಬದ ವಾರ್ಷಿಕ ಆದಾಯ ನಗರದಲ್ಲಿ 96,000, ಹಳ್ಳಿಯಲ್ಲಿ 72,000 ರೂಪಾಯಿ ಮೀರದಿದ್ದರೆ, ತಿಂಗಳಿಗೆ 4,000 ರೂಪಾಯಿ ನೆರವು ಸಿಗಬಹುದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿ. ಮಗು ತೊಂದರೆಯಲ್ಲಿದ್ದರೆ 1098. ನಿಮ್ಮ ಬೀದಿಯ ಹೂವಿನವಳಿಗೆ ಈ ಎರಡು ನಂಬರನ್ನು ಇವತ್ತೇ ಬರೆದುಕೊಡಿ.