ಗಾಡಿಗೆ ಡ್ರಮ್ಮು, ಪಂಪು ಕೂರಿಸುವಾಗ ವೈರು ಕೊಯ್ದರೆ, ಪೈಪು ತೂತಾದರೆ ಏನು ಮಾಡಬೇಕು?

ಈ ವಾರ ಬೆಳೆ ಬಿಟ್ಟು ಗಾಡಿ ವಿಷಯ.

ಬದನಗುಪ್ಪೆ ಸುತ್ತಮುತ್ತ ಪಿಕಪ್ಪೋ ಸಣ್ಣ ಗೂಡ್ಸ್ ಗಾಡಿಯೋ ಇರುವ ರೈತರು ಅದನ್ನು ಬರೀ ಮಾರ್ಕೆಟ್ಟಿಗೆ ಮಾತ್ರ ಇಟ್ಟುಕೊಂಡಿಲ್ಲ. ಬೆಳಗಿನ ಜಾವ ಮೈಸೂರಿನ ಬಂಡೀಪಾಳ್ಯಕ್ಕೆ ತರಕಾರಿ ಹಾಕಿ ಬಂದ ಗಾಡಿಗೇ ಮಧ್ಯಾಹ್ನ 200 ಲೀಟರ್ ಡ್ರಮ್ಮು ಏರಿಸಿ, 12 ವೋಲ್ಟಿನ ಪಂಪು ಕೂರಿಸಿ ಬಾಳೆಗೋ ಅರಿಶಿನಕ್ಕೋ ಜೀವಾಮೃತ ಬಿಡುತ್ತಾರೆ. ಇದಕ್ಕೆ ಬೇಕಾದ ಆಂಗಲ್, ಕ್ಲಾಂಪು, ಹಿಂದಿನ ಲೈಟು ಎಲ್ಲವನ್ನೂ ಮನೆ ಮುಂದೆಯೇ ಡ್ರಿಲ್ಲು, ಗ್ರೈಂಡರು ಹಿಡಿದು ಹಾಕಿಕೊಳ್ಳುವುದು ಮಾಮೂಲು. ತಪ್ಪೇನಿಲ್ಲ, ದುಡ್ಡು ಉಳಿಯುತ್ತೆ. ಆದರೆ ಡ್ರಿಲ್ ಬಿಟ್ಟು ತಗಡು ದಾಟಿ ಒಳಗಿನ ವೈರಿನ ಕಟ್ಟಿಗೋ ಬ್ರೇಕ್ ಪೈಪಿಗೋ ತಾಗಿದ ಮೇಲೆ ನಾವು ಏನು ಮಾಡುತ್ತೇವೆ ಅನ್ನುವುದರಲ್ಲಿ ಅಪಾಯ ಕೂತಿದೆ. "ಏನಾಗಲ್ಲ ಬುಡಿ" ಅಂತ ಒಂದು ಸುತ್ತು ಟೇಪು ಸುತ್ತಿ ಹೊರಡುವವರು ತುಂಬಾ ಜನ. ಅಂಥ ಗಾಡಿ ಗುಂಡ್ಲುಪೇಟೆ ದಾಟಿ ಕೇರಳದ ಕಡೆಗೆ ಲೋಡು ಹೊತ್ತು ಹೋಗುವಾಗ ಬಂಡೀಪುರದ ಮಧ್ಯೆ ಹೊಗೆ ಬಂದರೆ? ಇಳಿದು ನೋಡುವ ಜಾಗವೂ ಅಲ್ಲ ಅದು. ರಾತ್ರಿ 9 ರಿಂದ ಬೆಳಿಗ್ಗೆ 6 ರವರೆಗೆ ಆ ರಸ್ತೆ ಬಂದ್ ಬೇರೆ.

ಮೊದಲು ಇಷ್ಟು ಮಾಡಿ. ಡ್ರಿಲ್ಲು ಕೈ ಜಾರಿ ಒಳಗೆ ನುಗ್ಗಿತು ಅನ್ನಿಸಿದ ಕೂಡಲೇ ಕೆಲಸ ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಇಡಿ. "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಕೀ ತಿರುಗಿಸಬೇಡಿ. ಆಮೇಲೆ ಕೆಳಗೆ ಬಗ್ಗಿ ನೋಡಿ, ಏನಾದರೂ ತೊಟ್ಟಿಕ್ಕುತ್ತಿದೆಯಾ ಅಂತ. ಡೀಸೆಲ್ ವಾಸನೆಯಲ್ಲೇ ಗೊತ್ತಾಗುತ್ತೆ. ಬ್ರೇಕ್ ಆಯಿಲ್ ತಿಳಿ ಹಳದಿ, ಬೆರಳಿಗೆ ಜಾರುತ್ತೆ, ಪೇಂಟಿನ ಮೇಲೆ ಬಿದ್ದರೆ ಪೇಂಟು ಏಳುತ್ತೆ. ಏನೂ ಸೋರುತ್ತಿಲ್ಲ ಅಂದರೆ ಹಾನಿ ತಗಡಿಗೋ ವೈರಿಗೋ ಆಗಿರುವ ಸಾಧ್ಯತೆ ಹೆಚ್ಚು. ಇವೆರಡನ್ನು ಮನೆಯಲ್ಲೇ ಸರಿ ಮಾಡಬಹುದು.

ವೈರು ಕೊಯ್ದಿದ್ದರೆ

ವೈರು ಪೂರ್ತಿ ತುಂಡಾದರೆ ಒಳ್ಳೆಯದೇ ಅನ್ನಬೇಕು, ಲೈಟು ಉರಿಯಲ್ಲ, ಕಣ್ಣಿಗೆ ಕಾಣುತ್ತೆ. ಕಷ್ಟ ಇರುವುದು ಸಿಪ್ಪೆ ಮಾತ್ರ ಹರಿದು ತಾಮ್ರ ಹೊರಗೆ ಇಣುಕುತ್ತಿರುವ ವೈರಿನಲ್ಲಿ. ಅದು ಬಾಡಿಗೆ ತಾಗಿದಾಗ ಫ್ಯೂಸು ಹೋಗುತ್ತೆ, ಗಾಡಿ ಅಲುಗಿ ದೂರ ಸರಿದಾಗ ಎಲ್ಲ ಸರಿ ಇದ್ದಂತೆ ಕಾಣುತ್ತೆ. ಎರಡು ಸಲ ಫ್ಯೂಸು ಹೋದ ಮೇಲೆ ನಮ್ಮ ಜನ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುತ್ತಾರೆ, ಇಲ್ಲವೇ ಸಿಗರೇಟಿನ ಬೆಳ್ಳಿ ಕಾಗದ ತುರುಕುತ್ತಾರೆ. ಆಮೇಲೆ ಉರಿಯುವುದು ಫ್ಯೂಸಲ್ಲ, ಗಾಡಿ.

ಎಲ್ಲಿ ತಾಗುತ್ತಿದೆ ಅಂತ ಹುಡುಕಲು ಒಂದು ಸುಲಭ ದಾರಿ ಇದೆ. ಇಂಡಿಕೇಟರಿಗೆ ಹಾಕುವ 12 ವೋಲ್ಟ್ 21 ವಾಟಿನ ಬಲ್ಬು ತನ್ನಿ, ಅದರ ಎರಡು ತುದಿಗೂ ವೈರು ಸೇರಿಸಿಕೊಳ್ಳಿ. ಬ್ಯಾಟರಿ ಮತ್ತೆ ಜೋಡಿಸಿ, ಹೋದ ಫ್ಯೂಸನ್ನು ಕಿತ್ತು, ಆ ಎರಡು ಕಾಲಿನ ಜಾಗಕ್ಕೆ ಬಲ್ಬಿನ ಎರಡು ವೈರು ಕೊಡಿ. ಆ ಫ್ಯೂಸಿಗೆ ಸೇರಿದ ಲೈಟು, ಹಾರ್ನು ಎಲ್ಲ ಆಫ್ ಇರಲಿ. ಬಲ್ಬು ಜೋರಾಗಿ ಉರಿದರೆ ಕರೆಂಟು ನೇರ ಬಾಡಿಗೆ ಹೋಗುತ್ತಿದೆ ಅಂತ ಅರ್ಥ. ಎರಡು ಆಂಪಿಯರಿಗಿಂತ ಕಡಿಮೆ ಕರೆಂಟು ಮಾತ್ರ ಹರಿಯುವುದರಿಂದ ವೈರು ಸುಡುವ ಭಯ ಇಲ್ಲ. ಈಗ ಡ್ರಿಲ್ ಮಾಡಿದ ಜಾಗದ ಹತ್ತಿರ ವೈರಿನ ಕಟ್ಟನ್ನು ಮೆಲ್ಲಗೆ ಅಲುಗಿಸುತ್ತಾ ಹೋಗಿ. ಬಲ್ಬು ಮಿನುಗಿದ ಕಡೆ, ಇಲ್ಲವೇ ಆರಿದ ಕಡೆ ಗಾಯ ಇದೆ. ಲೈಟು, ಹಾರ್ನಿನಂಥ ಸಾದಾ ವೈರಿಗೆ ಮಾತ್ರ ಈ ಪರೀಕ್ಷೆ. ಎಂಜಿನ್ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ಹೋಗುವ ವೈರಿಗೆ ಬಲ್ಬು ಹಿಡಿಯಬೇಡಿ, ಅದು ಆಟೋ ಎಲೆಕ್ಟ್ರಿಷಿಯನ್ ಕೆಲಸ.

ಗಾಯ ಸಿಕ್ಕ ಮೇಲೆ ಮತ್ತೆ ಬ್ಯಾಟರಿ ಬಿಚ್ಚಿ. ಕೊಯ್ದ ಭಾಗವನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ತುಂಡು ವೈರು ಸೇರಿಸಬೇಕು. ಎಳೆದು ಕಟ್ಟಿದರೆ ಗಾಡಿ ಕುಲುಕಾಟಕ್ಕೆ ಬಿಟ್ಟುಕೊಳ್ಳುತ್ತೆ. ಕ್ರಿಂಪ್ ಮಾಡುವ ತೋಳು ಹಾಕಿ ಒತ್ತಿ, ಇಲ್ಲವೇ ಸೋಲ್ಡರ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ತೋಳು ಏರಿಸಿ. ಎಂಜಿನ್ ಹತ್ತಿರವಾದರೆ ಕ್ರಿಂಪೇ ಮೇಲು, ನಡುಕಕ್ಕೆ ಸೋಲ್ಡರಿನ ಪಕ್ಕದಲ್ಲಿ ವೈರು ಮುರಿಯುತ್ತೆ. ನಾಲ್ಕೈದು ವೈರು ಒಟ್ಟಿಗೆ ಕೊಯ್ದಿದ್ದರೆ ಜೋಡಣೆಗಳೆಲ್ಲ ಒಂದೇ ಕಡೆ ಬರದಂತೆ ಹಿಂದೆ ಮುಂದೆ ಮಾಡಿ. ಬರೀ ಟೇಪು ಸಾಲದು. ಬೇಸಿಗೆಯಲ್ಲಿ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ.

ಅದರಲ್ಲೂ ನಮ್ಮಂಥ ಸಾವಯವದವರ ಗಾಡಿಯಲ್ಲಿ ಇನ್ನೊಂದು ಕಾಟ. ಜೀವಾಮೃತ, ಗಂಜಲ ತುಳುಕಿ ವೈರಿನ ಜೋಡಣೆಯೊಳಗೆ ಇಳಿದರೆ ಅದರ ಅಮೋನಿಯಾ, ಉಪ್ಪು ಎರಡೂ ಸೇರಿ ತಾಮ್ರವನ್ನು ಹಸಿರು ಪುಡಿ ಮಾಡಿಬಿಡುತ್ತೆ. ಕರೆಂಟು ಸರಿಯಾಗಿ ಹರಿಯದೆ ಜೋಡಣೆ ಬಿಸಿಯಾಗುತ್ತೆ. ಅದಕ್ಕೇ ಡಾಲಾದ ಕೆಳಗಿನ ಜೋಡಣೆಗೆ ಒಳಗೆ ಅಂಟು ಇರುವ ತೋಳನ್ನೇ ಹಾಕಿ, ನೀರು ಇಳಿಯಲ್ಲ.

ಪಂಪಿಗೆ ಹೊಸ ವೈರು ಎಳೆಯುವವರಿಗೆ ಒಂದು ಲೆಕ್ಕ. 100 ವಾಟಿನ ಪಂಪು 12 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತೆ. ಅದಕ್ಕೆ 2.5 ಚದರ ಮಿ.ಮೀ. ವೈರು, 15 ಆಂಪಿಯರಿನ ನೀಲಿ ಫ್ಯೂಸು, ಒಂದು ರಿಲೇ ಬೇಕು. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ, ಪಂಪಿನ ಹತ್ತಿರ ಹಾಕಿದರೆ ನಡುವಿನ ಉದ್ದನೆಯ ವೈರಿಗೆ ರಕ್ಷಣೆಯೇ ಇಲ್ಲ. ಮನೆ ಕಟ್ಟಿಸಿದಾಗ ಉಳಿದ ಸಣ್ಣ ವೈರನ್ನು ಹೆಡ್‌ಲೈಟ್ ಸ್ವಿಚ್ಚಿನಿಂದ ಎಳೆದವರ ಸ್ವಿಚ್ಚು ಕರಗಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ.

ತಗಡು, ಬೋಲ್ಟು

ತೂತು ತಪ್ಪಿದ ಜಾಗದಲ್ಲಿ ಬಿದ್ದರೆ ಅಂಚಿನ ಮುಳ್ಳನ್ನು ಅರದಲ್ಲಿ ಉಜ್ಜಿ, ಸುತ್ತ ಒಂದು ಬೆರಳಗಲ ಪೇಂಟು ಕೆರೆದು, ಪ್ರೈಮರು ಎರಡು ಸಲ ಹೊಡೆದು, ಪೇಂಟು ಮಾಡಿ ರಬ್ಬರ್ ಬಿರಡೆ ಹಾಕಿ. ವೈರು ಹಾಯುವ ತೂತಿಗೆ ನಡುವೆ ತೂತಿರುವ ರಬ್ಬರ್ ಬಳೆ ಹಾಕದೆ ಬಿಟ್ಟರೆ ತಗಡಿನ ಅಂಚು ಆರೇ ತಿಂಗಳಲ್ಲಿ ವೈರನ್ನು ಕೊಯ್ಯಬಹುದು. ಡ್ರಿಲ್ಲಿನ ಕಬ್ಬಿಣದ ಪುಡಿ, ಗ್ರೈಂಡರಿನ ಕಿಡಿ ಬಿದ್ದ ಕಡೆಯೂ ತುಕ್ಕು ಶುರುವಾಗುತ್ತೆ, ಮ್ಯಾಗ್ನೆಟ್ಟಿನಲ್ಲಿ ಎತ್ತಿಬಿಡಿ. ಪೊಟ್ಯಾಷ್ ಚೀಲ ಸಾಗಿಸುವ ಡಾಲಾ ಆದರೆ ಇನ್ನೂ ಬೇಗ ತಿನ್ನುತ್ತೆ, ಅದರಲ್ಲಿ ಕ್ಲೋರೈಡ್ ಇದೆ. ಬೋಲ್ಟಿನ ಮರೆ ಸವೆದಿದ್ದರೆ ಲೇತಿನವರ ಹತ್ತಿರ ಒಂದು ಸೈಜು ದೊಡ್ಡದಕ್ಕೆ ಮರೆ ಹೊಡೆಸಿ. ಎಂ-ಸೀಲ್ ತುಂಬಿ ಬೋಲ್ಟು ತಿರುಗಿಸಿದರೆ ಅದು ಭಾರ ತಡೆಯಲ್ಲ.

ವೆಲ್ಡಿಂಗ್ ಆದ ಮೇಲೆ ಚಾರ್ಜ್ ಆಗುತ್ತಿಲ್ಲ

ಬ್ಯಾಟರಿ ಬಿಚ್ಚದೆ ಆಂಗಲ್ ವೆಲ್ಡ್ ಮಾಡಿ ಆಲ್ಟರ್ನೇಟರಿನ ಡಯೋಡು ಸುಟ್ಟುಕೊಳ್ಳುವುದು ಹಳೇ ಕಥೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಇಸಿಯು ಮತ್ತು ಸೆನ್ಸರುಗಳೂ ಇರುವುದರಿಂದ ನಷ್ಟ ದೊಡ್ಡದು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರುಗಳಿಗೂ ಟ್ರೆಮ್-4 ನಿಯಮ ಬಂದಿದೆ, ಅವುಗಳಲ್ಲೂ ಎಲೆಕ್ಟ್ರಾನಿಕ್ಸ್ ಹೆಚ್ಚು. ಮಲ್ಟಿಮೀಟರಿನಲ್ಲಿ ನೋಡಿ: ಚಾರ್ಜ್ ಆಗಿರುವ ಬ್ಯಾಟರಿ, ಎಂಜಿನ್ ನಿಂತಿರುವಾಗ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8 ರಿಂದ 14.5 ಇರಬೇಕು. ಓಡುವಾಗಲೂ 13 ದಾಟದಿದ್ದರೆ ಆಲ್ಟರ್ನೇಟರ್ ಬಿಚ್ಚಿಸಿ ತೋರಿಸಿ. ಡಯೋಡು ಮಾತ್ರ ಬದಲಿಸಿದರೆ ಸಾಕಾಗಬಹುದು, "ಪೂರಾ ಹೊಸದು ಹಾಕಿ" ಅನ್ನುವವರ ಮಾತಿಗೆ ತಕ್ಷಣ ಒಪ್ಪಬೇಡಿ. ಮುಂದಿನ ಸಲ ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಎರಡೂ ಟರ್ಮಿನಲ್ ಬಿಚ್ಚಿ, ಇಸಿಯು ಕನೆಕ್ಟರ್ ಕಿತ್ತು, ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ. ದೂರ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತೆ.

ಮನೆಯಲ್ಲಿ ಮುಟ್ಟಬಾರದ್ದು

ಬ್ರೇಕ್ ಪೈಪಿಗೆ ಒಂದು ಗೀರು ಬಿದ್ದರೂ ಆ ಪೈಪು ಹೊಸದೇ ಆಗಬೇಕು. ವೆಲ್ಡು, ಟೇಪು, ರಬ್ಬರ್ ಟ್ಯೂಬು ಯಾವುದೂ ಆ ಒತ್ತಡಕ್ಕೆ ನಿಲ್ಲಲ್ಲ. ಬದಲಿಸಿದ ಮೇಲೆ ಏರ್ ತೆಗೆಸಲೇಬೇಕು. ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಜಮೀನಿಗೆ ಕರೆಸಿ.

ಡೀಸೆಲ್ ಟ್ಯಾಂಕು ತೂತಾದರೆ "ಖಾಲಿ ಮಾಡಿದ್ದೀವಲ್ಲ, ವೆಲ್ಡ್ ಮಾಡೋಣ" ಅನ್ನಬೇಡಿ. ಖಾಲಿ ಟ್ಯಾಂಕಿನೊಳಗೆ ಆವಿ ತುಂಬಿರುತ್ತೆ, ಕಿಡಿಗೆ ಸಿಡಿಯುತ್ತೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪೈಪಿನ ಸಣ್ಣ ತೂತನ್ನು ಕೈ ಸವರಿ ಹುಡುಕುವುದೂ ಹಾಗೆಯೇ. ಒತ್ತಡದ ಆಯಿಲ್ ಚರ್ಮದೊಳಗೆ ನುಗ್ಗುತ್ತೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಆಯಿಲ್ ಚರ್ಮದೊಳಗೆ ಹೋಗಿದ್ದರೆ ನೋವು ಇಲ್ಲದಿದ್ದರೂ ಆಗಲೇ ಆಸ್ಪತ್ರೆಗೆ ಹೊರಡಿ.

ಚಾಸಿ ತೊಲೆಯ ಮೇಲಿನ ಮತ್ತು ಕೆಳಗಿನ ಪಟ್ಟಿಗೆ ತೂತು ಹಾಕಿದ್ದರೆ ಅದಕ್ಕೆ ವೆಲ್ಡ್ ತುಂಬಿಸಬೇಡಿ, ಬಿಸಿ ತಿಂದ ಪಕ್ಕದ ಕಬ್ಬಿಣ ಲೋಡಿಗೆ ಬಿರುಕು ಬಿಡುತ್ತೆ. ಆ ಮಾದರಿ ಗಾಡಿಯ ಸರ್ವೀಸಿನವರಿಗೆ ತೋರಿಸುವವರೆಗೆ ಲೋಡು ಹಾಕಬೇಡಿ. ಡ್ರಮ್ಮಿನ ಸ್ಟ್ಯಾಂಡಿಗೆ ತೂತೇ ಬೇಡ, ಯು-ಬೋಲ್ಟು ಹಾಕಿ ಬಿಗಿಯಿರಿ. ಕಳಚಿ ಕೆಳಗಿಡಲೂ ಸುಲಭ. ಇದರಲ್ಲಿ ಕಾನೂನಿನ ವಿಷಯವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂದಿದೆ. ವೈರಿಂಗ್ ಬದಲಿಸಿದ ಗಾಡಿಗೆ ಬೆಂಕಿ ಬಿದ್ದರೆ ವಿಮೆಯವರೂ ತಕರಾರು ತೆಗೆಯಬಹುದು.

ರಿಪೇರಿ ಮುಗಿದ ಮೇಲೆ ನೇರ ರಸ್ತೆಗೆ ಇಳಿಸಬೇಡಿ. ಜಮೀನಿನಲ್ಲೇ ಎಂಜಿನ್ ಹಾಕಿ, ಪಂಪು ಲೈಟು ಎಲ್ಲ ಆನ್ ಮಾಡಿ ಅರ್ಧ ಗಂಟೆ ಬಿಡಿ. ಆಮೇಲೆ ಆಫ್ ಮಾಡಿ ಫ್ಯೂಸು, ರಿಲೇ, ಹೊಸ ಜೋಡಣೆ ಒಂದೊಂದನ್ನೂ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಜೋಡಣೆ ಸಡಿಲ ಇದೆ ಅಥವಾ ವೈರು ಸಣ್ಣದಾಗಿದೆ. ಒಂದು ವಾರ ಓಡಿಸಿ, ಮತ್ತೆ ಒಮ್ಮೆ ಹೀಗೇ ಮುಟ್ಟಿ ನೋಡಿ, ಯು-ಬೋಲ್ಟಿನ ನಟ್ಟುಗಳನ್ನೂ ಬಿಗಿ ಮಾಡಿ.