ಮಾಯದ ಗಾಯ ಮತ್ತು ಜೀವಕೋಶದ ಗ್ರಾಹಿಗಳು

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸದ್ಭಕ್ತರಲ್ಲಿ ಮಧುಮೇಹಿಗಳೂ ಇರುತ್ತಾರೆ. ಕಾದ ರಸ್ತೆಯಲ್ಲಿ ಅಂಗಾಲು ಬೊಬ್ಬೆಯೆದ್ದರೂ, ಮುಳ್ಳು ನೆಟ್ಟರೂ ಅವರಲ್ಲಿ ಕೆಲವರಿಗೆ ಅರಿವಾಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿದ್ದರೆ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮಧುಮೇಹಿಗಳ ವ್ರಣವು ಕಷ್ಟದಿಂದ ಮಾಯುವುದೆಂದು ಸುಶ್ರುತಾಚಾರ್ಯರು ಸೂತ್ರಸ್ಥಾನದಲ್ಲಿಯೇ ಎಚ್ಚರಿಸಿದ್ದಾರೆ. ಚಿಕಿತ್ಸಾಸ್ಥಾನದಲ್ಲಿ ವ್ರಣಕ್ಕೆ 60 ಉಪಕ್ರಮಗಳನ್ನು ವಿಧಿಸಿದ್ದಾರೆ. ಇದೇ ಸಮಸ್ಯೆಗೆ ಆಧುನಿಕ ವಿಜ್ಞಾನವು ಅರಸುತ್ತಿರುವ ಒಂದು ಮಾರ್ಗವನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ಗ್ರಾಹಿ ಎಂದರೇನು?

ಜೀವಕೋಶದ ಹೊರಪೊರೆಯಲ್ಲಿ ಪ್ರೋಟೀನಿನಿಂದಾದ ಗ್ರಾಹಿಗಳಿವೆ. ಇವು ಬೀಗಗಳಿದ್ದಂತೆ, ತಕ್ಕ ಕೀಲಿಕೈ ಬಂದು ಕೂಡಿದಾಗ ಮಾತ್ರ ಕೋಶದೊಳಕ್ಕೆ ಸಂದೇಶ ಹೋಗುತ್ತದೆ. ಗಾಯವಾದೊಡನೆ ರಕ್ತದ ಪ್ಲೇಟ್‌ಲೆಟ್‌ಗಳು ಹೆಪ್ಪುಗಟ್ಟಲು ನೆರವಾಗುವುದಲ್ಲದೆ, ಬೆಳವಣಿಗೆಯ ಅಂಶಗಳೆಂಬ ಕೀಲಿಕೈಗಳನ್ನೂ ಸ್ರವಿಸುತ್ತವೆ. ಅವು ಗ್ರಾಹಿಗಳನ್ನು ಸೇರಿದಾಗ ನಾರುಕೋಶಗಳು ಗಾಯದೆಡೆಗೆ ಸಾಗಿ, ವೃದ್ಧಿಯಾಗಿ, ಹೊಸ ಮಾಂಸಾಂಕುರವನ್ನು ಕಟ್ಟುತ್ತವೆ. ಬಹುದಿನ ಮಾಯದ ಗಾಯದಲ್ಲಿ ಈ ಸಂದೇಶವೇ ಕುಂದಿರುತ್ತದೆ.

ತೆರೆಯುವ ಔಷಧ, ತಡೆಯುವ ಔಷಧ

ಪ್ಲೇಟ್‌ಲೆಟ್ ಸ್ರವಿಸುವ ಅಂಥ ಒಂದು ಅಂಶವನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಬೆಕಾಪ್ಲರ್ಮಿನ್ ಎಂಬ ಲೇಪವನ್ನಾಗಿ ಮಾಡಲಾಯಿತು. ಮಧುಮೇಹಿಗಳ ಪಾದವ್ರಣಕ್ಕಾಗಿ ಅಮೆರಿಕದಲ್ಲಿ 1997ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಒಂದು ಪ್ರಮುಖ ಪರೀಕ್ಷೆಯಲ್ಲಿ 20 ವಾರಗಳೊಳಗೆ ಈ ಲೇಪ ಪಡೆದವರಲ್ಲಿ ಶೇ. 50ರಷ್ಟು ಮಂದಿಯ ಗಾಯ ಪೂರ್ಣವಾಗಿ ಮಾಯಿತು. ಔಷಧಾಂಶವಿಲ್ಲದ ಲೇಪ ಪಡೆದವರಲ್ಲಿ ಶೇ. 35ರಷ್ಟು. ಪ್ರಯೋಜನವಿದೆ, ಪವಾಡವಿಲ್ಲ. ಲೇಪಿಸುವ ಜಾಗದಲ್ಲಿ ಅರ್ಬುದವಿದ್ದರೆ ಇದನ್ನು ಬಳಸಲೇಬಾರದು.

ಎರಡನೆಯ ಬಗೆ ಇದಕ್ಕೆ ವಿರುದ್ಧವಾದುದು. ಚರ್ಮದ ಮೇಲ್ಪದರದ ಕೋಶಗಳಲ್ಲಿ ಬೀಟಾ ಗ್ರಾಹಿಗಳಿವೆ. ಅಡ್ರಿನಲಿನ್ ಅವುಗಳನ್ನು ಸೇರಿದರೆ ಕೋಶಗಳ ಚಲನೆ ಮಂದವಾಗಿ, ಗಾಯ ಮುಚ್ಚುವುದು ತಡವಾಗುತ್ತದೆ. ಆ ಗ್ರಾಹಿಯನ್ನು ತಡೆಯುವ ಟಿಮೊಲಾಲ್, ಗ್ಲಾಕೋಮಾಕ್ಕೆ ಬಳಸುವ ಕಣ್ಣಿನ ಹನಿ. ಅದನ್ನು ಹಳೆಯ ಗಾಯಗಳ ಮೇಲೆ ಪ್ರಯೋಗಿಸಿ ನೋಡಲಾಗುತ್ತಿದೆ. ಆದರೆ ಅದು ರಕ್ತಕ್ಕೆ ಸೇರಿದರೆ ಉಬ್ಬಸವನ್ನು ಕೆರಳಿಸಬಹುದು, ಹೃದಯದ ಬಡಿತವನ್ನು ಕುಗ್ಗಿಸಬಹುದು. ಮನೆಯಲ್ಲಿರುವ ಹನಿಯನ್ನು ಯಾರೂ ತಾವಾಗಿ ಗಾಯಕ್ಕೆ ಹಾಕತಕ್ಕದ್ದಲ್ಲ.

ಔಷಧಕ್ಕಿಂತ ಮೊದಲು

ಹಲವು ವರ್ಷಗಳ ಹಿಂದೆ ಹಿರಿಯರೊಬ್ಬರ ಕಾಲ್ಬೆರಳಿನ ಗಾಯಕ್ಕೆ ನಾವು ವಾರಗಟ್ಟಲೆ ಜಾತ್ಯಾದಿ ತೈಲದ ಪಟ್ಟಿ ಕಟ್ಟಿದೆವು. ಪಾದದ ನಾಡಿಯನ್ನು ಮೊದಲೇ ಮುಟ್ಟಿ ನೋಡಿರಲಿಲ್ಲ. ರಕ್ತಸಂಚಾರ ಕುಂದಿದೆಯೆಂದು ತಿಳಿಯುವ ವೇಳೆಗೆ ಆ ಬೆರಳನ್ನು ಉಳಿಸಲಾಗಲಿಲ್ಲ. ಅಂದಿನಿಂದ ಸಕ್ಕರೆಯ ಪರೀಕ್ಷೆ ಹಾಗೂ ಪಾದದ ನಾಡಿ ನೋಡದೆ ನಾವು ಯಾವ ಪಾದವ್ರಣಕ್ಕೂ ಚಿಕಿತ್ಸೆ ಆರಂಭಿಸುವುದಿಲ್ಲ. ರಕ್ತ ಹರಿಯದ ಕಡೆ ತೈಲವಾಗಲಿ, ಹೊಸ ಲೇಪವಾಗಲಿ ಫಲಿಸದು.

ಆದ್ದರಿಂದ ಮಧುಮೇಹಿಗಳು ಪ್ರತಿನಿತ್ಯ ಮಲಗುವ ಮುನ್ನ ಅಂಗಾಲನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಕಣ್ಣು ಮಂಜಾದವರು ಮನೆಯವರಿಂದ ನೋಡಿಸಿಕೊಳ್ಳಬೇಕು. ತೆರೆದ ಗಾಯಕ್ಕೆ ಸುಣ್ಣ, ಕಾಫಿಪುಡಿ, ವಿಭೂತಿ ಹಚ್ಚಬಾರದು. ಗಾಯದ ಮೇಲೆ ಭಾರ ಹಾಕಿ ನಡೆಯಬಾರದು. ಪಾದದಲ್ಲಿ ಎಷ್ಟೇ ಚಿಕ್ಕ ಗಾಯ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಪ್ಪಾದರೆ, ದುರ್ಗಂಧ ಬಂದರೆ, ಜ್ವರವಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಪಾದಯಾತ್ರೆಗೆ ಹೊರಡುವ ಮಧುಮೇಹಿಗಳು ಮೆತ್ತನೆಯ ಪಾದರಕ್ಷೆ ಧರಿಸಲಿ. ಭಕ್ತಿಗೆ ಅದರಿಂದ ಕುಂದಿಲ್ಲ; ಮುಂದಿನ ವರ್ಷವೂ ನಡೆಯಲು ಕಾಲು ಉಳಿದಿರಬೇಕು.