ಗಾಡಿ ಬರುವ ಮೊದಲೇ ಟೈರಿನ ಲೆಕ್ಕ

ಕಾರು ಬುಕ್ ಮಾಡಿ ಅದು ಮನೆಗೆ ಬರುವ ತನಕದ ತಿಂಗಳುಗಳಲ್ಲಿ ದುಡ್ಡು ಸೋರುವ ದಾರಿಗಳು ಬಹಳ. ಡೌನ್ ಪೇಮೆಂಟಿಗೆಂದು ಕೂಡಿಟ್ಟ ಹಣ ಖಾತೆಯಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ. ಶೋರೂಮಿನವರು ಫೋನ್ ಮಾಡಿ ಸೀಟ್ ಕವರ್, ಕ್ರೋಮ್ ಪಟ್ಟಿ, ದೊಡ್ಡ ಸ್ಕ್ರೀನು ಅಂತ ಒಂದೊಂದೇ ಸೇರಿಸುತ್ತ ಹೋಗುತ್ತಾರೆ. ನಾನು ದೀಪಾವಳಿಗೆ ಬುಕ್ ಮಾಡಿದ್ದೇನೆ, ಡಿಸೆಂಬರ್ ಕೊನೆ ಇಲ್ಲವೇ ಜನವರಿ ಅಂದಿದ್ದಾರೆ. ಈ ಕಾಯುವ ಕಾಲದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಟೈರಿನ ಬಗ್ಗೆ. ಯಾವ ಮಾಡೆಲ್, ಯಾವ ವೇರಿಯಂಟ್ ಎಂಬ ತೀರ್ಮಾನವೂ ಕೊನೆಗೆ ಅದರ ಮೇಲೆಯೇ ನಿಂತಿತು.

ಕಾರಣ ಸರಳ. ನನ್ನ ಮನೆ ರಾಯಚೂರು, ನೌಕರಿ ದೇವದುರ್ಗ, ತವರು ಮಾನ್ವಿ. ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವುದು, ಸಿರವಾರದ ಮೇಲೆ ಮಾನ್ವಿಗೆ ಇಳಿಯುವುದು, ಅಲ್ಲಿಂದ ಊರಿಗೆ ವಾಪಸ್. ಗಾಡಿಯ ಆಯುಷ್ಯವೆಲ್ಲ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಮೂರು ದಾರಿಗಳಲ್ಲಿಯೇ ಸವೆಯಬೇಕು. ಬೆಂಗಳೂರಿನ ರಸ್ತೆಗೆ ಹೊಂದುವ ಟೈರು ನಮಗೆ ಹೊಂದಬೇಕೆಂದಿಲ್ಲ.

ಮ್ಯೂನಿಕ್‌ನಲ್ಲಿರುವ ತಂಗಿಯ ಮಗ ಸುದ್ದಿ ಕೇಳಿ, "ದೊಡ್ಡಮ್ಮ, ಚಳಿಗಾಲದ ಟೈರ್ ತಗೊಂಡ್ರಾ?" ಅಂದ. ಅವನಿಗೆ ಅದು ಸಹಜ ಪ್ರಶ್ನೆ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಬಿದ್ದ ರಸ್ತೆಯಲ್ಲಿ ಚಳಿಗಾಲಕ್ಕೆ ತಕ್ಕ ಟೈರ್ ಕಡ್ಡಾಯ. 2024ರ ಅಕ್ಟೋಬರ್ 1ರಿಂದ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಟೈರಿನ ಮೇಲೆ ಇರಲೇಬೇಕು. ಅಕ್ಟೋಬರಿನಿಂದ ಈಸ್ಟರ್ ತನಕ ಒಂದು ಸೆಟ್, ಉಳಿದ ಕಾಲಕ್ಕೆ ಇನ್ನೊಂದು. ಎರಡು ಸೆಟ್ಟಿನ ಖರ್ಚು, ಬದಲಿಸುವ ಕೂಲಿ, ಇಡಲು ಜಾಗ, ಎಲ್ಲವೂ ಅವನ ವರ್ಷದ ಬಜೆಟ್ಟಿನಲ್ಲಿ ಬರೆದಿರುತ್ತದೆ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ, ಚಳಿಗಾಲದ ಟೈರಿನದು ಮೆತ್ತಗೇ ಉಳಿಯುತ್ತದೆ. ನಮ್ಮಲ್ಲಿ ಡಿಸೆಂಬರಿನ ರಾತ್ರಿ 15 ಡಿಗ್ರಿಯ ಆಚೀಚೆ ಇಳಿದರೆ ಸ್ವೆಟರ್ ಹುಡುಕುತ್ತೇವೆ. ಅಂಥ ಮೆತ್ತನೆ ರಬ್ಬರನ್ನು ಮೇ ತಿಂಗಳ ರಾಯಚೂರಿನಲ್ಲಿ ಓಡಿಸಿದರೆ ಡಾಂಬರು ಅದನ್ನು ಬೇಗ ತಿಂದುಬಿಡುತ್ತದೆ. ಗಾಳಿಯೇ 40 ಡಿಗ್ರಿ ದಾಟಿದ ದಿನ ಡಾಂಬರಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ.

ಹಾಗಂತ ನಮಗೆ ಚಳಿಗಾಲದ ಡ್ರೈವಿಂಗ್ ಅನ್ನುವುದು ಇಲ್ಲವೇ? ಇದೆ. ಅದು ನೆಲ್ಲಿನ ಕಾಲ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಮಾನ್ವಿ ಕಡೆ ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು. ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದ ಕಡೆಯೂ ಅದೇ ಗದ್ದಲ, ಜೊತೆಗೆ ರಾಯಚೂರಿನ ಮಾರುಕಟ್ಟೆಗೆ ಹೊರಟ ಹತ್ತಿಯ ಟ್ರ್ಯಾಲಿಗಳು. ಕಣ ಇಲ್ಲದ ರೈತರು ನೆಲ್ಲನ್ನು ರಸ್ತೆಯ ಒಂದು ಬದಿಗೆ ಹರವಿ ಒಣಗಿಸುತ್ತಾರೆ. ಗಾಡಿ ಹತ್ತದಿರಲಿ ಅಂತ ಅಂಚಿಗೆ ತಲೆಗಾತ್ರದ ಕಲ್ಲು ಇಡುತ್ತಾರೆ. ಸಂಜೆ ರಾಶಿ ಮಾಡಿ ತಾಡಪತ್ರಿ ಹೊದಿಸಿ, ಅದು ಹಾರದಂತೆ ಅದರ ಸುತ್ತ ಮತ್ತೆ ಕಲ್ಲು. ನೆಲ್ಲು ಚೀಲಕ್ಕೆ ಹೋದ ಮೇಲೂ ಕಲ್ಲು ಅಲ್ಲಿಯೇ ಕುಳಿತಿರುತ್ತದೆ, ಕತ್ತಲಲ್ಲಿ ಡಾಂಬರಿನ ಬಣ್ಣದ್ದೇ ಆಗಿ. ಎದುರಿಗೆ ಹೆಡ್‌ಲೈಟ್, ಮುಂದೆ ಹಿಂದಿನ ದೀಪವಿಲ್ಲದ ಟ್ರ್ಯಾಲಿ, ಎಡಕ್ಕೆ ಕಲ್ಲು. ನಮ್ಮ ಕಡೆ ಚಳಿಗಾಲದಲ್ಲಿ ಟೈರು ಸಾಯುವುದು ಹೀಗೆ. ಚಳಿಯ ಪಾತ್ರ ಅದರಲ್ಲಿ ಏನೂ ಇಲ್ಲ. ರೈತರನ್ನು ಬೈಯಲು ನನಗೆ ಮನಸ್ಸಿಲ್ಲ. ನನ್ನ ತಮ್ಮನೂ ನೆಲ್ಲು ಬೆಳೆಯುವವನೇ, ತೇವ ಹೆಚ್ಚಿದ್ದರೆ ಮಿಲ್ಲಿನವರು ಹೇಗೆ ರೇಟು ಮುರಿಯುತ್ತಾರೆ ಎಂಬುದನ್ನು ಕಂಡಿದ್ದೇನೆ. ಒಣಗಿಸುವ ಸಾರ್ವಜನಿಕ ಕಣಗಳು ಊರೂರಿಗೆ ಆಗಬೇಕು. ಆಗುವ ತನಕ ಗಾಡಿ ಕೊಳ್ಳುವವರು ಈ ಕಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಲ್ಲಿಗೆ ಬಡಿದಾಗ ಏನಾಗುತ್ತದೆ ಎಂಬುದನ್ನು ಮಾನ್ವಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಹತ್ತಿರದಿಂದ ನೋಡಿದೆ. ಬಿಚ್ಚಿಟ್ಟ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಮೇಲಿನ ಹಲ್ಲು ಇನ್ನೂ ಹೊಸದರಂತೆ ಆಳವಾಗಿದೆ. "ಒಳಗ ದಾರ ಹರದಾವ್ರಿ ಅಕ್ಕಾರ. ಹವಾ ನಿಲ್ತದ, ಆದ್ರ ಯಾವಾಗ ಹೊಡೀತದ ಹೇಳಕ್ಕಾಗಂಗಿಲ್ಲ" ಅಂದ ಅಂಗಡಿಯ ಹುಡುಗ. ಪಕ್ಕೆಗೆ ಪ್ಯಾಚ್ ಹಾಕುವಂತಿಲ್ಲ, ಟೈರನ್ನೇ ಎಸೆಯಬೇಕು. ಅದು ಹದಿನಾರು ಇಂಚಿನ ಅಲಾಯ್ ಚಕ್ರದ ಟೈರು.

ವೇರಿಯಂಟಿನ ಪ್ರಶ್ನೆ ಬರುವುದು ಇಲ್ಲಿಯೇ. ಅನೇಕ ಸಣ್ಣ ಕಾರುಗಳಲ್ಲಿ ಕೆಳಗಿನ ವೇರಿಯಂಟಿಗೆ 185/65 ಆರ್15, ಮೇಲಿನದಕ್ಕೆ 195/55 ಆರ್16 ಟೈರ್ ಕೊಡುತ್ತಾರೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. 185ರ ಶೇ 65 ಅಂದರೆ 120 ಮಿ.ಮೀ. 195ರ ಶೇ 55 ಅಂದರೆ 107 ಮಿ.ಮೀ. ಎರಡೂ ಚಕ್ರಗಳ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಆದರೆ ಕಲ್ಲಿಗೂ ರಿಮ್ಮಿಗೂ ನಡುವೆ ಇರುವ ರಬ್ಬರು ದೊಡ್ಡ ಚಕ್ರದಲ್ಲಿ 13 ಮಿ.ಮೀ. ಕಡಿಮೆ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ರಸ್ತೆಯನ್ನು ಅಲೆ ಅಲೆಯಾಗಿ ಎಬ್ಬಿಸಿರುತ್ತದೆ, ತಗ್ಗುಗಳಿಗಂತೂ ಕೊರತೆಯಿಲ್ಲ. ಇಲ್ಲಿ ಆ 13 ಮಿ.ಮೀ. ರಬ್ಬರಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಊರಿನ ಅಂಗಡಿಗಳಲ್ಲಿ ವಿಚಾರಿಸಿದರೆ ಹದಿನಾರು ಇಂಚಿನದಕ್ಕೆ ಪ್ರತಿ ಟೈರಿಗೆ ಒಂದೂವರೆ, ಎರಡು ಸಾವಿರ ಹೆಚ್ಚು ಹೇಳಿದರು. ದೇವದುರ್ಗದಲ್ಲಿ ಕೇಳಿದಾಗ ಆ ಸೈಜು ಸ್ಟಾಕೇ ಇರಲಿಲ್ಲ, ರಾಯಚೂರಿನಿಂದ ತರಿಸಬೇಕು ಅಂದರು. ಮೇಲಿನ ವೇರಿಯಂಟಿಗೆ ಕೊಡುವ ಹೆಚ್ಚಿನ ಹಣ ಒಂದು ಸಲದ್ದು, ಟೈರಿನ ಹೆಚ್ಚಿನ ಬೆಲೆ ಪ್ರತಿ ಸೆಟ್ಟಿಗೂ ಬರುವಂಥದ್ದು. ನಾನು ಹದಿನೈದು ಇಂಚಿನ ಉಕ್ಕಿನ ಚಕ್ರದ ಮಧ್ಯದ ವೇರಿಯಂಟ್ ಬುಕ್ ಮಾಡಿದೆ. ಉಕ್ಕಿನ ರಿಮ್ ಸೊಟ್ಟಗಾದರೆ ಬಡಿದು ಸರಿಮಾಡುವವರು ನಮ್ಮಲ್ಲಿ ಸಿಗುತ್ತಾರೆ, ಅಲಾಯ್ ಬಿರುಕು ಬಿಟ್ಟರೆ ಹೊಸದೇ ಗತಿ.

ಸ್ಟೆಪ್ನಿಯನ್ನೂ ಕೇಳಿಯೇ ಬುಕ್ ಮಾಡಬೇಕು. 2020ರ ನಿಯಮ ತಿದ್ದುಪಡಿಯ ನಂತರ, ಟ್ಯೂಬ್‌ಲೆಸ್ ಟೈರಿದ್ದು ಹವಾ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಕೊಟ್ಟರೆ ಕಂಪನಿ ಸ್ಟೆಪ್ನಿ ಕೊಡದೆಯೂ ಇರಬಹುದು. ಕೆಲವು ಗಾಡಿಗಳಲ್ಲಿ ಉಳಿದ ನಾಲ್ಕಕ್ಕಿಂತ ಸಣ್ಣ ಸ್ಟೆಪ್ನಿ ಇರುತ್ತದೆ, ಅದರಲ್ಲಿ ವೇಗಕ್ಕೆ ಮಿತಿ. ಮೊಳೆ ಚುಚ್ಚಿದ್ದಕ್ಕೆ ಕಿಟ್ ಸಾಕಾಗುತ್ತದೆ, ಪಕ್ಕೆ ಹರಿದರೆ ಅದರಿಂದ ಪ್ರಯೋಜನವಿಲ್ಲ. ರಾತ್ರಿ ಗಬ್ಬೂರು ದಾಟಿದ ಮೇಲೆ ಟೈರು ಹರಿದರೆ ಏನು ಮಾಡಬೇಕು ಎಂದು ಯೋಚಿಸಿದವರಿಗೆ ಪೂರ್ಣ ಸೈಜಿನ ಐದನೇ ಚಕ್ರ ಏಕೆ ಬೇಕು ಎಂದು ವಿವರಿಸಬೇಕಾಗಿಲ್ಲ.

ಹವಾ ವಿಷಯದಲ್ಲಿ ನಮ್ಮ ಕಡೆ ಒಂದು ಹಳೆಯ ನಂಬಿಕೆ ಇದೆ: ಬೇಸಿಗೆಯಲ್ಲಿ ಕಡಿಮೆ ಇಡಬೇಕು, ಇಲ್ಲದಿದ್ದರೆ ಟೈರು ಒಡೆಯುತ್ತದೆ ಅಂತ. ನಿಜ ಇದಕ್ಕೆ ಉಲ್ಟಾ. ಹವಾ ಕಡಿಮೆ ಇದ್ದರೆ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಒಳಗೆ ಕಾಯುತ್ತದೆ, ಬಿಸಿಲಿನ ಜೊತೆ ಆ ಕಾವೂ ಸೇರಿ ಟೈರು ಒಡೆಯುತ್ತದೆ. ಚಾಲಕನ ಬಾಗಿಲಿನ ಕಂಬದ ಮೇಲಿನ ಸ್ಟಿಕರಿನಲ್ಲಿ ಬರೆದಷ್ಟು ಹವಾ ಬೆಳಿಗ್ಗೆ ಟೈರು ತಣ್ಣಗಿದ್ದಾಗ ಇರಬೇಕು. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಒಂದೂವರೆಯಿಂದ ಎರಡು ಪಿಎಸ್‌ಐ ಏರಿಳಿಯುತ್ತದೆ. ಹೀಗಾಗಿ ಅಕ್ಟೋಬರಿನ ಮಧ್ಯಾಹ್ನ ಹಾಕಿಸಿದ ಹವಾ ಡಿಸೆಂಬರಿನ ಮುಂಜಾನೆ ಕಡಿಮೆ ಬಿದ್ದಿರುತ್ತದೆ, ಮತ್ತೆ ತುಂಬಿಸಬೇಕು. ನಮ್ಮ ಚಳಿಗಾಲಕ್ಕೆ ಟೈರಿಗೆ ಬೇಕಾದ ಸಿದ್ಧತೆ ಇದೊಂದೇ, ಖರ್ಚೂ ಇಲ್ಲ. ದುಡ್ಡು ಕೊಟ್ಟು ನೈಟ್ರೋಜನ್ ಹಾಕಿಸುವುದರಲ್ಲಿ ನನಗೆ ಅಂಥ ಲಾಭ ಕಾಣುವುದಿಲ್ಲ, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78ರಷ್ಟಿದೆ.

ಇನ್ನು ಕಾಯುವ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದು, ಮೇಲಿನ ಸೆಸ್ ಹೋಯಿತು. ನಾಲ್ಕು ಮೀಟರಿನೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ ಮೊದಲು ಸೆಸ್ ಸೇರಿ ಶೇ 29 ಬೀಳುತ್ತಿತ್ತು. ತೆರಿಗೆಗೆ ಮೊದಲು ಆರು ಲಕ್ಷದ ಗಾಡಿಯಾದರೆ ಇಳಿದದ್ದು 66,000 ರೂಪಾಯಿ. ಟೈರಿಗೂ ಶೇ 28 ಹೋಗಿ 18 ಬಂತು, ಟ್ರ್ಯಾಕ್ಟರ್ ಟೈರಿಗೆ ಶೇ 5 ಆಗಿದ್ದಕ್ಕೆ ತಮ್ಮ ನನಗಿಂತ ಹೆಚ್ಚು ಖುಷಿಪಟ್ಟ. ಆದರೆ ಉಳಿದ 66,000 ಅಲಾಯ್ ಚಕ್ರಕ್ಕೋ ಸನ್‌ರೂಫಿಗೋ ಹೋದರೆ ಇಳಿದದ್ದು ನಮಗೆ ದಕ್ಕಿದಂತಾಗುವುದಿಲ್ಲ. ಆ ಹಣದಿಂದ ಸಾಲವನ್ನು ಕಿರಿದು ಮಾಡಿ. ಏಳು ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 11,260, ಒಟ್ಟು ಬಡ್ಡಿ 2.46 ಲಕ್ಷ. ಐದು ವರ್ಷಕ್ಕಾದರೆ ಕಂತು 14,530, ಬಡ್ಡಿ 1.72 ಲಕ್ಷ. ನಡುವಿನ 74,000ದಲ್ಲಿ ಹದಿನೈದು ಇಂಚಿನ ಮೂರು ಸೆಟ್ ಟೈರ್ ಬಂದು ಇನ್ನೂ ಉಳಿಯುತ್ತದೆ. ಇನ್ನೊಂದು ಮಾತು: ಬಡ್ಡಿ ಓಡಲು ಶುರುವಾಗುವುದು ಬ್ಯಾಂಕು ಹಣ ಬಿಡುಗಡೆ ಮಾಡಿದ ದಿನದಿಂದ. ನಿಮ್ಮ ಹೆಸರಿಗೆ ಚಾಸಿ ನಂಬರ್ ಬರುವ ತನಕ ಮಂಜೂರಾತಿ ಮಾತ್ರ ಕೈಯಲ್ಲಿರಲಿ, ಹಣ ಹೋಗುವುದು ಬೇಡ.

ಡೌನ್ ಪೇಮೆಂಟಿನ ಹಣವನ್ನು ಅಷ್ಟು ದಿನ ಎಲ್ಲಿಡಬೇಕು? ಪತ್ತಿನ ಸಂಘದಲ್ಲಿಟ್ಟರೆ ಬಡ್ಡಿ ಹೆಚ್ಚು ಬರುತ್ತದೆ ಅಂತ ಪರಿಚಯದವರು ಒತ್ತಾಯಿಸಿದರು. ಸಂಘದ ಮೇಲೆ ನನಗೆ ದ್ವೇಷವಿಲ್ಲ, ನಮ್ಮ ಊರುಗಳ ಎಷ್ಟೋ ಮದುವೆಗಳು ಅವುಗಳ ಸಾಲದಲ್ಲೇ ಆಗಿವೆ. ಆದರೆ ಐದು ಲಕ್ಷದ ತನಕದ ಠೇವಣಿ ವಿಮೆ ಬ್ಯಾಂಕುಗಳಿಗೆ ಇದೆ, ಪತ್ತಿನ ಸಂಘಗಳಿಗೆ ಇಲ್ಲ. ಫೋನ್ ಬಂದ ವಾರದಲ್ಲೇ ಬೇಕಾಗುವ ಹಣ ಅದು. ಬ್ಯಾಂಕಿನಲ್ಲಿ ಬೇಕಾದಾಗ ಮುರಿಯಬಹುದಾದ ಎಫ್‌ಡಿ ಮಾಡಿಟ್ಟೆ.

ವಿಮೆ ಶೋರೂಮಿನಲ್ಲೇ ಮಾಡಿಸಬೇಕೆಂಬ ಕಾನೂನಿಲ್ಲ. ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷದ್ದು ಕಡ್ಡಾಯ, ಸ್ವಂತ ಹಾನಿಯದು ಒಂದು ವರ್ಷದ್ದು ಸಾಕು. ಹೊರಗೆ ಎರಡು ಕಡೆ ಕೋಟ್ ತೆಗೆದುಕೊಂಡು ಹೋಗಿ ತೋರಿಸಿದರೆ ಅಲ್ಲಿಯೇ ಬೆಲೆ ಇಳಿಯುವುದೂ ಉಂಟು. ಸಾಮಾನ್ಯ ಪಾಲಿಸಿಯಲ್ಲಿ ಟೈರು ಮಾತ್ರ ಹಾಳಾದರೆ ಏನೂ ಬರುವುದಿಲ್ಲ. ಗಾಡಿಯ ಜೊತೆ ಹಾಳಾದರೂ ಟೈರಿನ ಬೆಲೆಯಲ್ಲಿ ಅರ್ಧ ಕಡಿತ. ಟೈರಿನ ಹೆಚ್ಚುವರಿ ರಕ್ಷಣೆ ಕೊಳ್ಳಿ ಎನ್ನುತ್ತಾರೆ. ದೊಡ್ಡ ಚಕ್ರದ ದುಬಾರಿ ಟೈರಿಗೆ ಅದು ಸರಿ ಇರಬಹುದು. ಹದಿನೈದು ಇಂಚಿನದಕ್ಕೆ ಆ ಪ್ರೀಮಿಯಂ ಬದಲು ತಿಂಗಳಿಗೆ ಐನೂರು ರೂಪಾಯಿ ಆರ್‌ಡಿ ಕಟ್ಟುವುದೇ ಮೇಲು ಅಂತ ನನ್ನ ತೀರ್ಮಾನ. ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟೇ 24,000, ಹೊಸ ಸೆಟ್ಟಿನ ದುಡ್ಡು ಅಲ್ಲಿಗೆ ಸಿದ್ಧ.

ಗಾಡಿ ಕೈಗೆ ಬರುವ ದಿನ ಕುಂಕುಮ, ಕಾಯಿ, ನಿಂಬೆಹಣ್ಣಿಗಿಂತ ಮೊದಲು ನೆಲಕ್ಕೆ ಕೂತು ಟೈರು ನೋಡುವವಳು ನಾನು. ಪಕ್ಕೆಯ ಮೇಲಿನ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ, 4525 ಅಂದರೆ 2025ರ ನಲವತ್ತೈದನೇ ವಾರ. ಐದೂ ಚಕ್ರದ್ದು ನೋಡಬೇಕು. ಕಂಪನಿ ಯಾವ ಬ್ರಾಂಡ್ ಹಾಕಿ ಕಳಿಸುತ್ತದೋ ಅದೇ ಬರುತ್ತದೆ, ಇದೇ ಬೇಕು ಎನ್ನುವ ಅವಕಾಶ ಸಾಮಾನ್ಯವಾಗಿ ಇಲ್ಲ. ಹೊಸ ಟೈರನ್ನು ಮೊದಲ ದಿನವೇ ಅಂಗಡಿಗೆ ಕೊಟ್ಟು ಬೇರೆ ಹಾಕಿಸುವವರಿದ್ದಾರೆ, ಅದರಲ್ಲಿ ಸಿಗುವ ಬೆಲೆ ನೋಡಿದರೆ ನನಗೆ ಆ ವ್ಯವಹಾರ ಒಗ್ಗುವುದಿಲ್ಲ. ಹಲ್ಲಿನ ಆಳ ಕಾನೂನಿನ ಮಿತಿಯಾದ 1.6 ಮಿ.ಮೀ.ಗೆ ಇಳಿಯುವ ಮೊದಲೇ, ಮಳೆಗಾಲದ ಎರೆ ಕೆಸರನ್ನು ನೆನೆದು, ಬದಲಿಸುತ್ತೇನೆ.

ಮೊನ್ನೆ ಶೋರೂಮಿನಿಂದ ಫೋನ್. "ಈ ವರ್ಷದಾಗ ತಗೊಂಡ್‌ಬಿಡ್ರಿ ಮೇಡಂ, ಜನವರಿಗೆ ರೇಟ್ ಏರ್ತದ." ಏರಬಹುದು. ಬುಕಿಂಗ್ ಫಾರ್ಮಿನಲ್ಲೇ ಡೆಲಿವರಿ ದಿನದ ಬೆಲೆ ಅನ್ವಯ ಅಂತ ಬರೆದಿದೆ. ಆದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ, ಮಾರುವಾಗ ಕೊಳ್ಳುವವರು ಮೊದಲು ನೋಡುವುದೂ ಅದನ್ನೇ. ಡಿಸೆಂಬರಿನ ಕೊನೆಯ ವಾರದಲ್ಲಿ ತೆಗೆದುಕೊಂಡ ಗಾಡಿ ಒಂದೇ ವಾರಕ್ಕೆ ಕಾಗದದ ಮೇಲೆ ಹಿಂದಿನ ವರ್ಷದ್ದಾಗುತ್ತದೆ. ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರಿಗೆ ಇದು ದೊಡ್ಡ ವಿಷಯವಲ್ಲ, ಡಿಸೆಂಬರಿನ ರಿಯಾಯಿತಿಯೇ ಅವರಿಗೆ ಲಾಭ. ನನ್ನ ನೌಕರಿ ಬದಲಾದರೆ ನಾಲ್ಕೈದು ವರ್ಷಕ್ಕೆ ಮಾರಬೇಕಾದೀತು. ಅದಕ್ಕೇ ಜನವರಿಯಲ್ಲಿ ತಯಾರಾದ ಗಾಡಿಯೇ ಬೇಕು ಎಂದು ಇಮೇಲಿನಲ್ಲಿ ಬರೆದುಕೊಟ್ಟು, ಒಪ್ಪಿಗೆಯನ್ನೂ ಬರವಣಿಗೆಯಲ್ಲೇ ಪಡೆದಿದ್ದೇನೆ. ಬೆಲೆ ಏರಿದರೆ ಕೊಡಲೆಂದು ಬೇರೆಯಾಗಿ ಹದಿನೈದು ಸಾವಿರ ತೆಗೆದಿಟ್ಟಿದ್ದೇನೆ. ಏರದಿದ್ದರೆ ಅದು ಟೈರಿನ ಆರ್‌ಡಿ ಇರುವ ಖಾತೆಗೇ ಹೋಗುತ್ತದೆ.